ಸಾವಕಾರರ ಹೊಟ್ಟೆಯ ಲಿಂಫೋಮಾ

ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವವರಿಗೆ ನಗಲು ಏನು ಸಿಗುತ್ತದೆ ಎಂದು ಜನ ಕೇಳುತ್ತಾರೆ. ಬೇಕಾದಷ್ಟು ಸಿಗುತ್ತದೆ, ಆಗಾಗ ತಲೆ ಎತ್ತಿ ಎದುರಿಗಿದ್ದವರನ್ನು ನೋಡಬೇಕಷ್ಟೆ. ನಾನು ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ರೋಗಿಗಳ ಮಾಂಸದ ಚೂರು ನೋಡಿ ರೋಗದ ಹೆಸರು ಹೇಳುವ ಡಾಕ್ಟರು. ಲಿಂಫೋಮಾ ಎಂಬ ಕ್ಯಾನ್ಸರು ಮರ್ಯಾದೆಯಿಂದ ಕುತ್ತಿಗೆಯ, ಕಂಕುಳಿನ ಗ್ರಂಥಿಗಳಲ್ಲಿ ಇರಬೇಕು. ಅಪರೂಪಕ್ಕೆ ಕಣ್ಣಿನ ಪಕ್ಕದಲ್ಲೋ ಜಠರದಲ್ಲೋ ಮನೆ ಮಾಡಿಕೊಂಡು ನನ್ನ ತಲೆ ತಿನ್ನುತ್ತದೆ. ಬೈರಿದೇವರಕೊಪ್ಪದ ಜೋಳದ ಸಾವಕಾರರೊಬ್ಬರ ಜಠರದಲ್ಲಿ ಅದಿದೆಯೇ ಎಂಬ ಅನುಮಾನ ಬಂತು.

೧. ಚೀಲದ ಮೇಲಿನ ಕಾಳು

ಎಂಡೋಸ್ಕೋಪಿಯಲ್ಲಿ ತೆಗೆದ ಚೂರುಗಳು ಸಾಸಿವೆಯಷ್ಟಿದ್ದವು. ಬರೀ ಬಾವು ಎನ್ನಬಹುದು, ಲಿಂಫೋಮಾ ಎಂದೂ ಎನ್ನಬಹುದು. ತಪ್ಪಿದರೆ ಒಬ್ಬರ ಜೀವದ ಪ್ರಶ್ನೆ. ಎರಡು ದಿನ ಒದ್ದಾಡಿ, ‘ಮತ್ತೆ ಚೂರು ತೆಗೆಯಬೇಕು’ ಎಂದು ಬರೆದೆ. ಸಾವಕಾರರು ಹೆಂಡತಿಯ ಜೊತೆ ನೇರ ಲ್ಯಾಬಿಗೇ ಬಂದರು. ಬೈಸಿಕೊಳ್ಳಲು ಸಿದ್ಧಳಾದೆ.

“ಎಷ್ಟು ಕಡೆ ತಗದಿದ್ರಿ?”

“ಎರಡ ಕಡೆರಿ. ಮ್ಯಾಲಿಂದ.”

ಅವರು ಹಣೆ ಚಚ್ಚಿಕೊಂಡರು. “ಅಲ್ರೀ ಡಾಕ್ಟ್ರ, ಚೀಲದ ಮ್ಯಾಲೆ ಯಾವತ್ತೂ ಛಲೋ ಕಾಳ ಇರ್ತಾವ! ನಡಕ, ಬುಡಕ ಚುಚ್ಚಿ ತಗೀಬೇಕ್ರಿ.”

ಮರುದಿನ ಎಂಡೋಸ್ಕೋಪಿ ಡಾಕ್ಟರ ಫೋನು: “ಏನ್ ಹೇಳಿ ಕಳಿಸೀರಿ ಮೇಡಂ? ಬಾಯಾಗ ಪೈಪ್ ಇದ್ರೂ ಇನ್ನೂ ಕೆಳಗ, ಇನ್ನೂ ಕೆಳಗ ಅಂತ ಕೈಲೆ ತೋರಸಾಕತ್ತಿದ್ರು!”

೨. ಹದಿನಾಲ್ಕು ದಿನದ ಗುಳಿಗೆ

ಈ ಸಲ ಸಂಶಯ ಉಳಿಯಲಿಲ್ಲ. ಲಿಂಫೋಮಾನೇ, ಆದರೆ ನಿಧಾನದ ಜಾತಿ. ಹೊಟ್ಟೆ ಸೇರಿದ ಒಂದು ಬ್ಯಾಕ್ಟೀರಿಯಾ ಇದನ್ನು ಸಾಕುತ್ತದೆ. ಅದನ್ನು ಕೊಂದರೆ ಬಹಳ ಸಲ ಇದೂ ಕರಗುತ್ತದೆ. ಹದಿನಾಲ್ಕು ದಿನ ಗುಳಿಗೆ, ಆಮೇಲೆ ಕೆಲವು ತಿಂಗಳು ಕಾಯುವುದು.

ಸಾವಕಾರರು ಔಷಧದ ಚೀಟಿ ಹಿಡಿದು ಮತ್ತೆ ಬಂದರು. ಮುಖದ ಮೇಲೆ ಸಿಟ್ಟಿತ್ತು.

“ಇಷ್ಟು ದೊಡ್ಡ ರೋಗಕ್ಕ ಬರೇ ಗುಳಗಿ? ಕೂದಲಾ ಉದರೂದಿಲ್ಲೇನ್ರಿ?”

“ಇಲ್ರಿ, ಒಂದೂ ಉದರೂದಿಲ್ಲ.”

ಅವರು ಟೋಪಿ ತೆಗೆದರು. ತಲೆ ನುಣ್ಣಗಿತ್ತು. “ನಿನ್ನೇನ ಬೋಳಿಸಿಕೊಂಡೇನ್ರಿ!”

೩. ಆರಾಮಾದ ಮೇಲೆ

ಆರು ತಿಂಗಳಾದ ಮೇಲೆ ಬಂದ ಚೂರುಗಳನ್ನು ನಾನು ಮೂರು ಸಲ ನೋಡಿದೆ. ಏನೂ ಇರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಗಂಡ ಹೆಂಡತಿಯನ್ನು ಕೂರಿಸಿ ಹೇಳಿದೆ. ಸಾವಕಾರರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಆಮೇಲೆ ಕೇಳಿದರು.

“ಪೂರಾ ಆರಾಮ ಆಗ್ಯಾರಲ್ರಿ, ಅಕ್ಕಾರ?”

“ಪೂರಾ ಆರಾಮರಿ.”

“ಯಾರರ ಜೋರಾಗಿ ಬೈದ್ರ ತ್ರಾಸ ಆಗೂದಿಲ್ಲಲ್ರಿ?”

“ಏನೂ ಆಗೂದಿಲ್ರಿ.”

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಂಡನತ್ತ ತಿರುಗಿದರು. “ರೋಗದ ಹೆಸರ ಕೇಳಿದ ದಿನ ಸಾಯ್ತೀನಿ ಅಂತ ಅಳಕೋತ ಏನ್ ಒಪ್ಪಿಕೊಂಡ್ರಿ? ನಿಮ್ಮ ಸಲುವಾಗಿ ನಾ ಸೋಮವಾರ ಉಪಾಸ ಇದ್ರ, ನಾನೂ ಇರ್ತೀನಿ ಅಂತ ಹೇಳಿ ಇಪ್ಪತ್ತ ವರ್ಷ ಪ್ಯಾಟ್ಯಾಗ ಗಿರಮಿಟ್ಟು, ಮಿರ್ಚಿ ಭಜಿ ತಿಂದ್ರಿ! ರೋಗದ ಮನಷ್ಯಾ ಅಂತ ಇಷ್ಟ ದಿನ ತಡಕೊಂಡೆ. ನಡೀರಿ ಮನಿಗೆ!”

ಸಾವಕಾರರು ನನ್ನ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಡಾಕ್ಟ್ರ, ಇನ್ನೊಮ್ಮೆ ಛಲೋತಂಗ ನೋಡ್ರಿ. ಯಾವದರ ಮೂಲ್ಯಾಗ ಒಂಚೂರು ಉಳದಿರ್ತೈತಿ!”