ಲಿಫ್ಟಿಗೆ ಪ್ರಶಂಸಾಪತ್ರ

ಅಳತೆ ಮತ್ತು ತೂಕ ಇಲಾಖೆಯ ಲಿಫ್ಟು ಕಳೆದ ಭಾನುವಾರ ಮಧ್ಯಾಹ್ನ ನಾಲ್ಕನೇ ಮಹಡಿಯಿಂದ ನೆಲಮಹಡಿಗೆ, ನಡುವೆ ಎಲ್ಲೂ ನಿಲ್ಲದೆ ಬಂದು ತಲುಪಿತು. ಒಳಗೆ ಒಬ್ಬ ಕಳ್ಳನೂ, ಅವನು ಮೂಟೆ ಕಟ್ಟಿದ್ದ ನಲವತ್ತು ಕಿಲೋ ಹಿತ್ತಾಳೆಯ ತೂಕದ ಕಲ್ಲುಗಳೂ ಇದ್ದವು. ಕಲ್ಲುಗಳಿಗೆ ಏನೂ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಇದನ್ನು ಮೊದಲು ಕಂಡವನು ಲಿಫ್ಟು ನಡೆಸುವವನು. ಕಚೇರಿಯವರೆಲ್ಲ ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು. ಲಿಫ್ಟಿನ ಉಕ್ಕಿನ ಹಗ್ಗ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತಿದೆ ಎಂದು ಅವನು ನಾಲ್ಕು ವರ್ಷಗಳಲ್ಲಿ ಹನ್ನೊಂದು ಅರ್ಜಿ ಬರೆದಿದ್ದ. ಹನ್ನೊಂದಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಮುದ್ರೆ ಬಿದ್ದಿತ್ತು. ಈಗ ತಪ್ಪೆಲ್ಲ ತನ್ನ ತಲೆಗೇ ಬರುತ್ತದೆಂದು ಹೆದರಿ, ಅರ್ಜಿಗಳ ನಕಲು ಹಿಡಿದು, ಏದುಸಿರು ಬಿಡುತ್ತ ಸಾಹೇಬರ ಕೋಣೆಗೆ ಓಡಿದ.

"ಸತ್ತೋನು ಯಾರು?" ಎಂದರು, ಹಗ್ಗ ಹರಿದ ಸುದ್ದಿ ಕೇಳಿದ ಸಾಹೇಬರು.

"ಕಳ್ಳ ಸಾರ್."

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. "ನಮ್ಮೋರು ಯಾರೂ ಅಲ್ಲ ತಾನೆ?"

"ಅಲ್ಲ ಸಾರ್. ಆದ್ರೆ ನಾಳೆ ನಮ್ಮೋರೇ ಯಾರಾದ್ರೂ..."

"ನೋಡಪ್ಪ, ನಮ್ಮೋನು ಬಿದ್ದಿದ್ರೆ ಅಪಘಾತ. ವಿಚಾರಣೆ ಆಗ್ತಿತ್ತು. ಕಳ್ಳ ಬಿದ್ದಿದ್ದಾನೆ. ಹಾಗಾಗಿ ಇದು ಸಾಧನೆ."

ಮಧ್ಯಾಹ್ನದ ಹೊತ್ತಿಗೆ ಸುತ್ತೋಲೆ ಹೊರಟಿತು: "ಇಲಾಖೆಯ ಲಿಫ್ಟು ರಜಾದಿನದಂದೂ ಕರ್ತವ್ಯ ಮರೆಯದೆ ಕಳ್ಳನೊಬ್ಬನನ್ನು ಸ್ಥಳದಲ್ಲೇ ವಿಲೇವಾರಿ ಮಾಡಿರುವುದು ಹರ್ಷದ ಸಂಗತಿ. ಬುಧವಾರ ಹನ್ನೊಂದಕ್ಕೆ ಸಂತೋಷಕೂಟ. ನೌಕರರೆಲ್ಲರೂ ಸಂತೋಷದಿಂದ ಹಾಜರಾಗತಕ್ಕದ್ದು. ಸಂತೋಷವಾಗದವರು ಕಾರಣವನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು."

ಬೆರಳಚ್ಚುಗಾರ್ತಿಯೊಬ್ಬರು ಮಾತ್ರ ‘ಒಬ್ಬ ಮನುಷ್ಯ ಸತ್ತಿದ್ದಾನೆ’ ಎಂದು ಬರೆದುಕೊಟ್ಟರು. ‘ಕಾರಣ ಸಮರ್ಪಕವಾಗಿಲ್ಲ’ ಎಂದು ಅದು ಹಿಂದಿರುಗಿತು.

ಬುಧವಾರ ನಾಲ್ಕನೇ ಮಹಡಿಯಲ್ಲಿ ಬಣ್ಣದ ಕಾಗದ, ಚಹಾ, ಬಿಸ್ಕತ್ತು. ಸಾಹೇಬರು ಚೌಕಟ್ಟು ಹಾಕಿಸಿದ ಪ್ರಶಂಸಾಪತ್ರವನ್ನು ಲಿಫ್ಟಿನ ಬಾಗಿಲಿಗೆ ನೇತುಹಾಕಿದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಒಬ್ಬಳು ಮುದುಕಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

"ಇಲ್ಲೇನಪ್ಪ ವಿಶೇಷ?" ಎಂದು ಲಿಫ್ಟಣ್ಣನನ್ನು ಕೇಳಿದಳು.

ಅವನು ಪ್ರಶಂಸಾಪತ್ರಕ್ಕೆ ಅಡ್ಡವಾಗಿ ನಿಂತ. "ನಿಮಗೇನಾಗ್ಬೇಕಿತ್ತಮ್ಮ?"

"ನನ್ನ ಮಗನ್ನ ಮನೆಗೆ ತಗೊಂಡ್ ಹೋಗೋಕೆ ಇಲ್ಲಿಯವರದೊಂದು ಸಹಿ ಬೇಕಂತೆ." ಅವಳು ಕಾಗದ ಚಾಚಿದಳು. "ಕಳ್ಳ ಹೌದು, ಇಲ್ಲ ಅನ್ನಲ್ಲ. ನನ್ನ ಕೈಬಳೇನೂ ಬಿಟ್ಟೋನಲ್ಲ. ಲಿಫ್ಟು ಸರಿಯಾಗಿದ್ದಿದ್ರೆ ಏನಾಗ್ತಿತ್ತಪ್ಪ?"

"ಹಿತ್ತಾಳೆ ಮಾರೋಕೆ ಹೋದಾಗ ಪೊಲೀಸ್ರು ಹಿಡೀತಿದ್ರು. ಜೈಲಿಗೆ ಹೋಗ್ತಿದ್ದ."

"ಜೈಲಲ್ಲಿದ್ದಿದ್ರೆ ತಿಂಗಳಿಗೊಂದ್ಸಲ ನೋಡ್ಬೋದಿತ್ತು."

ಲಿಫ್ಟಣ್ಣ ಕಾಗದ ಹಿಡಿದು ಒಳಗೆ ಹೋದ. ಸಾಹೇಬರು ‘ಆದ ನಷ್ಟ’ ಎಂಬಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿದರು. ಮುದುಕಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಳಿದುಹೋದಳು. ಆಮೇಲೆ ಲಿಫ್ಟಣ್ಣನಿಗೆ ಎರಡು ಮಾತಾಡಲು ಹೇಳಿದರು.

"ಸಾರ್, ಹಗ್ಗ ಬದಲಾಯಿಸಿ," ಎಂದ.

ಸಾಹೇಬರು ನಕ್ಕರು. "ತುಂಡಾದ ಹಗ್ಗಕ್ಕೇ ಬೆಸುಗೆ ಹಾಕಿಸ್ತೀವಿ. ಕಳ್ಳರನ್ನ ಗುರುತು ಹಿಡಿಯೋ ಹಗ್ಗ ಬೇಡ ಅನ್ನೋರು ಯಾರ ಪರ, ನೀವೇ ಹೇಳಿ!" ಮತ್ತೆ ಚಪ್ಪಾಳೆ ಬಿತ್ತು.

ಬೆಸುಗೆಯಾಯಿತು. ‘ಪ್ರಾಮಾಣಿಕರು ನಿರ್ಭಯವಾಗಿ ಬಳಸಬಹುದು’ ಎಂಬ ಫಲಕವೂ ಬಂತು. ಅಂದಿನಿಂದ ಮೆಟ್ಟಿಲು ಹತ್ತುವವರ ಹೆಸರನ್ನು ಕಾವಲುಗಾರ ಬರೆದುಕೊಳ್ಳತೊಡಗಿದ. ಹೀಗಾಗಿ ಯಾರೂ ಹತ್ತಲಿಲ್ಲ. ಬೆರಳಚ್ಚುಗಾರ್ತಿಯೂ ಕಣ್ಣು ಮುಚ್ಚಿಕೊಂಡು ಲಿಫ್ಟಿನಲ್ಲೇ ಬಂದರು. ಸಾಹೇಬರೊಬ್ಬರು ಮಾತ್ರ, ಮೆಟ್ಟಿಲು ಹತ್ತುವುದು ಮಂಡಿಗೆ ಒಳ್ಳೆಯದೆಂಬ ವೈದ್ಯರ ಪತ್ರ ಕೊಟ್ಟು, ನಡೆದೇ ಹೋಗುತ್ತಿದ್ದರು.

ಮುಂದಿನ ವಾರ ಆರು ಜನ ತುಂಬಿದ್ದಾಗ ಎರಡನೇ ಮಹಡಿ ದಾಟುತ್ತಲೇ ಮೇಲೆ ಏನೋ ಕಿರ್ ಎಂದಿತು. ಲಿಫ್ಟು ಗೇಣುದ್ದ ಜಾರಿ ನಿಂತಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಫ್ಟಣ್ಣ ಬೆವರುತ್ತಿದ್ದ. ಜಾಗವಿಲ್ಲದ ಜಾಗದಲ್ಲೂ ಎಲ್ಲರೂ ಅವನಿಂದ ಒಂದು ಹೆಜ್ಜೆ ದೂರ ಸರಿದರು.

"ಪಾಪ, ಒಳ್ಳೆಯವನು ಅಂದ್ಕೊಂಡಿದ್ವಿ," ಎಂದರು ಯಾರೋ.

ಲಿಫ್ಟಣ್ಣ ಅವರ ಮೇಲೆ ಸಿಟ್ಟಾಗಲಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗನಿಂದ ಇಸಿದುಕೊಂಡಿದ್ದ ಪೆನ್ಸಿಲನ್ನು ತಿರುಗಿ ಕೊಟ್ಟಿದ್ದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳತೊಡಗಿದ.