ನಯವಾಗಿ ಹೇಳಿ ಬನ್ನಿ

ನಮ್ಮ ಪಕ್ಷ ನನ್ನನ್ನು ಬಿಟ್ಟು ಎಲ್ಲಿಗೋ ಹೊರಟುಹೋಗಿದೆ. ನಾನು ಮಾತ್ರ ತಾಳಿ ಕಟ್ಟಿದವನಂತೆ ಅದನ್ನು ಬಿಟ್ಟಿಲ್ಲ. (ಈ ಹೋಲಿಕೆಯನ್ನು ನನ್ನ ಹೆಂಡತಿಗೆ ಓದಿ ಹೇಳಬೇಡಿ.) ಮೊದಲು ಅಲ್ಲಿ ಚರ್ಚೆಯಿತ್ತು, ಈಗ ಬರೀ ಕಿರುಚಾಟ. ಆ ಸಂಜೆ ನಮ್ಮ ನಡುಮನೆಯಲ್ಲಿ ಬೀದಿ ಘಟಕದ ಸಭೆ ಸೇರಲಿತ್ತು. ಎದ್ದು ನಿಂತು ಛೀಮಾರಿ ಹಾಕುವುದೇ ಸೈ ಎಂದು ಘೋರ ಪ್ರತಿಜ್ಞೆ ಮಾಡಿದೆ.

ಪಕ್ಕದ ಮನೆಯ ಟೈಲರ್, ನಮ್ಮ ಬಾವುಟ ಹೊಲಿದ ಮಿಷನ್ನಿನಲ್ಲೇ ಎದುರು ಪಕ್ಷದ ಬಾವುಟಗಳನ್ನೂ ಹೊಲಿದಿದ್ದ. ಆದ್ದರಿಂದ ಬೀದಿಯವರು ಯಾರೂ ಅವನಿಗೆ ಬಟ್ಟೆ ಕೊಡಕೂಡದೆಂಬ ನಿರ್ಣಯ ಬರುವುದಿತ್ತು.

"ಅವರ ಅಂಗಡಿ ಮುಚ್ಚಿದ್ರೆ ನನ್ನ ಕಾಜಾ-ಗುಂಡಿ ಕೆಲಸಾನೂ ಹೋಯ್ತು," ಎಂದಳು ಹೆಂಡತಿ. "ಬಾಯಿ ಬಿಡ್ತೀರಾ, ಇಲ್ಲ ಗೋಡೆ ನೋಡ್ತಾ ಕೂತ್ಕೋತೀರಾ?"

"ಸಿಡಿಲು ಕಣೇ, ಸಿಡಿಲು!"

"ಸರಿ, ನಾನು ಅವರ ಮನೇಲಿ ಗುಂಡಿ ಹಾಕ್ತಿರ್ತೀನಿ. ಅಲ್ಲಿಗೂ ಕೇಳಿಸ್ಲಿ."

ಸಭೆಯಲ್ಲಿ ಅಧ್ಯಕ್ಷ ಮೇಜು ಗುದ್ದಿದ. "ಅವನ ಜೊತೆ ಇರೋರೆಲ್ಲ ನಮ್ಮ ಶತ್ರುಗಳು! ಯಾರಿಗಾದ್ರೂ ತಕರಾರಿದೆಯಾ?"

ಎದ್ದೆ. ಎಲ್ಲ ಮುಖಗಳೂ ನನ್ನತ್ತ ತಿರುಗಿದವು, ಒಂದರಲ್ಲೂ ನಗುವಿಲ್ಲ.

"ಅಲ್ಲ... ನಿಮ್ಮ ಮಾತಲ್ಲೂ ಸತ್ಯ ಇದೆ... ಆದ್ರೆ ಸ್ವಲ್ಪ ನಯವಾಗಿ..."

"ಭಲೇ ಅಣ್ಣ!" ಎಂದ ಅಧ್ಯಕ್ಷ. "ಪಕ್ಷಕ್ಕೆ ನಿಮ್ಮಂಥೋರು ಬೇಕು ಅನ್ನೋದು ಇದಕ್ಕೇ. ನೀವೇ ಹೋಗಿ ನಯವಾಗಿ ಹೇಳಿ ಬನ್ನಿ."

ಚಪ್ಪಾಳೆಯೋ ಚಪ್ಪಾಳೆ! ಬೈಯುವವರು ಬೈದು ಹಗುರಾಗುತ್ತಾರೆ. ಆ ಬೈಗುಳವನ್ನು ಒಗೆದು, ಇಸ್ತ್ರಿ ಮಾಡಿ, ಮನೆಬಾಗಿಲಿಗೆ ಮುಟ್ಟಿಸುವವರು ನಾವು, ಸೌಮ್ಯವಾದಿಗಳು.

ಟೈಲರ್ ಮನೆಯ ಬಾಗಿಲು ತೆರೆದವಳು ನನ್ನ ಹೆಂಡತಿ. ಅವಳ ಹಿಂದೆ ಕೊರಳಿಗೆ ಟೇಪು ಹಾಕಿಕೊಂಡ ಟೈಲರ್, ನನ್ನ ಮುಖವನ್ನೇ ನೋಡುತ್ತಿದ್ದ.

"ಬೇಜಾರು ಮಾಡ್ಕೋಬೇಡಪ್ಪ," ಎಂದೆ. "ಸ್ವಲ್ಪ ದಿನ... ಯಾರೂ ನಿಂಗೆ ಬಟ್ಟೆ..."

ಅವನು ಹೋಗಿ ಮಿಷನ್ನಿಗೆ ಮುಸುಕು ಹಾಕಿದ. ಹೆಂಡತಿ ಕೈಯಲ್ಲಿದ್ದ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು.

"ಆ ಬಾವುಟಗಳ ಅಂಚು ಹೊಲಿದವಳು ನಾನು. ಶತ್ರುವಿನ ಕೈ ಅಡುಗೆ ನಿಮಗ್ಯಾಕೆ? ಹೋಗಿ, ಪಕ್ಷದಲ್ಲೇ ಊಟ ಮಾಡಿ!"

ಬಾಗಿಲು ಧಡ್ ಎಂದು ಮುಚ್ಚಿತು. ತಿರುಗಿದರೆ ಪಕ್ಕದಲ್ಲೇ, ನಮ್ಮ ಮನೆಬಾಗಿಲಲ್ಲಿ, ಅಧ್ಯಕ್ಷ ಹಲ್ಲು ಕಿರಿಯುತ್ತ ನಿಂತಿದ್ದ.

"ಅಣ್ಣ, ಇನ್ನೊಂದು ನಿರ್ಣಯ ಆಯ್ತು. ಆ ಬಾವುಟಗಳಿಗೆ ಅಂಚು ಹೊಲಿದೋರು ಈ ಬೀದೀಲೇ ಯಾರೋ ಇದಾರಂತೆ. ಪತ್ತೆ ಹಚ್ಚಿ ಅವರ ಮನೆಗೂ ನಿಮ್ಮನ್ನೇ ಕಳಿಸೋದು ಅಂತ."

ಅವನು ಹಾಗೆಂದದ್ದು ಆ ಮನೆಯ ಹೊಸ್ತಿಲ ಮೇಲೆ ನಿಂತೇ.