ಸೇತುವೆ ಬಿದ್ದ ದಿನದ ಕ್ಯಾಸೆಟ್

ಹೆಂಡತಿ ಹೇಳಿದ್ದು ಕಪಾಟಿನ ಧೂಳು ಹೊಡೆಯಲು. ಅಳಿಯ ಅಷ್ಟನ್ನೇ ಮಾಡಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಕಪಾಟಿನ ಮೇಲೆ ಮಾವನ ಹಳೆಯ ವಿಡಿಯೊ ಕ್ಯಾಮೆರಾ ಇತ್ತು, ಅದಕ್ಕೊಂದು ಗುಂಡಿ ಇತ್ತು, ಗುಂಡಿ ಕಂಡರೆ ಸುಮ್ಮನಿರುವ ಜಾಯಮಾನ ಅವನದಲ್ಲ. ಒತ್ತಿದ, ಅಲ್ಲಾಡಿಸಿದ, ಬೆನ್ನಿಗೆರಡು ಗುದ್ದಿದ. ಕ್ಯಾಮೆರಾ ದಮ್ಮಿನ ರೋಗಿಯ ಹಾಗೆ ಕೆಮ್ಮಿ ಒಂದು ಕ್ಯಾಸೆಟ್ ಉಗುಳಿತು.

ಅವನಿಗೆ ಸ್ವಂತ ಹೆಸರೊಂದು ಇತ್ತು. ಆದರೆ ಮಾವನ ಫೋಟೊ ಸ್ಟುಡಿಯೊಗೆ ಮನೆಯಳಿಯನಾಗಿ ಬಂದಂದಿನಿಂದ ಇಡೀ ಬೀದಿಗೇ ಅವನು ಅಳಿಯ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿ, ತಲೆ ನೆರೆತು, ಮುಂದಿನ ಹಲ್ಲು ಅಲ್ಲಾಡಲು ಶುರುವಾದರೂ ಬಡ್ತಿ ಸಿಕ್ಕಿರಲಿಲ್ಲ.

"ಅಪ್ಪ ಅದನ್ನ ಕಡೇ ಸಲ ಹಿಡಿದಿದ್ದು ಸೇತುವೆ ಬಿದ್ದ ದಿನ," ಎಂದಳು ಹೆಂಡತಿ, ಒಲೆಯ ಮುಂದಿನಿಂದಲೇ. "ಆಮೇಲೆ ಅವರೂ ಮುಟ್ಲಿಲ್ಲ, ನಮ್ಮನ್ನೂ ಮುಟ್ಟಗೊಡ್ಲಿಲ್ಲ. ಇದ್ದಲ್ಲೇ ಇಡಿ."



ಊರಿನ ನಡೆದಾಟದ ಸೇತುವೆ ಉದ್ಘಾಟನೆಯ ದಿನವೇ ಹೊಳೆಗೆ ಬಿದ್ದಿತ್ತು. ಸತ್ತವರ ಹೆಸರುಗಳು ದಡದ ಕಲ್ಲಿನ ಎರಡೂ ಮಗ್ಗುಲನ್ನು ತುಂಬಿದ್ದವು. ಅದು ಹೇಗೆ ಬಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಚಿತ್ರವೂ ಉಳಿದಿರಲಿಲ್ಲ. ಕರೆದಿದ್ದ ಛಾಯಾಗ್ರಾಹಕರೆಲ್ಲ ಒಳ್ಳೆಯ ಜಾಗ ಬೇಕೆಂದು ಸೇತುವೆಯ ಮೇಲೆಯೇ ನಿಂತಿದ್ದರು. ಯಾರೂ ಕರೆಯದೆ ಹೋಗಿದ್ದ ಮಾವ ಒಬ್ಬರೇ ಕ್ಯಾಮೆರಾ ಹಿಡಿದು ದಡದಲ್ಲಿದ್ದವರು.

"ಇದ್ದಲ್ಲೇ ಇಡ್ತೀನಿ," ಎಂದ ಅಳಿಯ, ಮತ್ತು ಕ್ಯಾಸೆಟ್ಟನ್ನು ಅಂಗಿಯೊಳಗೆ ತುರುಕಿಕೊಂಡು ಪಕ್ಕದ ಕ್ಷೌರದಂಗಡಿಗೆ ಓಡಿದ. ಅಂಥ ಕ್ಯಾಸೆಟ್ ಓಡಿಸುವ ಹಳೇ ಪೆಟ್ಟಿಗೆ ಬೀದಿಯಲ್ಲಿ ಉಳಿದಿದ್ದುದು ಅಲ್ಲೊಂದೇ.

"ಯಾತಕ್ಕೆ?" ಎಂದ ಕ್ಷೌರಿಕ.

"ಸುಮ್ನೆ, ಹಳೇ ಮದುವೆ ಕ್ಯಾಸೆಟ್ ನೋಡೋಕೆ."

"ಮದುವೆ ಕ್ಯಾಸೆಟ್ಟಿಗೆ ಹೀಗೆ ಬೆವರ್ತಾರಾ, ಅಳಿಯಂದ್ರೇ?"

ಕುರ್ಚಿಯಲ್ಲಿ ಕೂತವನ ಕತ್ತಿಗೆ ಕತ್ತಿ ಹಿಡಿದಾಗಲೂ ಕ್ಷೌರಿಕನ ಬಾಯಿಗೆ ಬೀಗವಿರಲಿಲ್ಲ. ಅಳಿಯ ಗುಟ್ಟು ಬಿಟ್ಟುಕೊಟ್ಟು ಪೆಟ್ಟಿಗೆ ಹೊತ್ತು ಮನೆಯ ಮುಂಭಾಗದ ಸ್ಟುಡಿಯೊ ತಲುಪುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಗಳ ಜಾತ್ರೆ ನೆರೆದಿತ್ತು. ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯನ್ನೂ ಜತೆಗೇ ಎಳೆದು ತಂದಿದ್ದ. ಮಧ್ಯಾಹ್ನದ ಹೊತ್ತಿಗೆ ಮೈಕು ಹಿಡಿದು ಟಿವಿಯ ವರದಿಗಾರ್ತಿಯೂ ಬಂದಳು.

"ರೀ, ಏನಿದು?" ಎಂದು ಹೆಂಡತಿ ಅವನ ತೋಳು ಹಿಡಿದು ಮೂಲೆಗೆ ಎಳೆದಳು. "ಅಪ್ಪ ಬೇಡ ಅಂದಿದ್ರು."

"ಯಾಕೆ ಬೇಡ ಅಂದ್ರು ಅಂತ ನಿಂಗೆ ಗೊತ್ತಾಗ್ಬೇಕು ಅನ್ಸಲ್ವಾ?"

ಅವಳು ಸೆರಗಲ್ಲಿ ಕೈ ಒರೆಸಿಕೊಂಡು ಮುಂದಿನ ಸಾಲಿನಲ್ಲಿ ಕೂತಳು.

ಅಷ್ಟರಲ್ಲಿ ಗುಂಪು ತಾನಾಗಿ ಎರಡು ಪಾಲಾಗಿ ದಾರಿ ಬಿಟ್ಟಿತು. ಬಾಗಿಲಲ್ಲಿ ಕೋಲೂರಿ ನಿಂತಿದ್ದವರು ಇಂಜಿನಿಯರ್ ತಾತ. ಸೇತುವೆ ಕಟ್ಟಿಸಿದವರು ಅವರೇ. ಅಂದಿನಿಂದ ಅವರಿಗೆ ಒಂದು ಕೋಳಿಗೂಡು ಕಟ್ಟುವ ಕೆಲಸ ಕೊಡಲೂ ಊರು ಹೆದರುತ್ತಿತ್ತು.

"ನಾನೂ ನೋಡ್ಬಹುದಾ?" ಎಂದರು. ಯಾರೋ ತಲೆ ತಗ್ಗಿಸಿ ಕುರ್ಚಿ ಕೊಟ್ಟರು.

ಕೆಳಗೆ ಕಾಲಿಡಲು ಜಾಗವಿಲ್ಲದೆ ಅರ್ಧ ಬೀದಿ ಸ್ಟುಡಿಯೊದ ಅಟ್ಟ ಹತ್ತಿತು. ಮರದ ಹಲಗೆಯ ಆ ಅಟ್ಟದಲ್ಲಿ ನಿಂತರೆ ಕಂಬಿಯ ಮೇಲಿಂದ ಕೆಳಗಿನ ಟಿವಿ ಕಾಣುತ್ತಿತ್ತು. ಅಳಿಯ ಕ್ಯಾಸೆಟ್ ಹಾಕಿದ. ಮೊದಲು ಮಾವನ ಹೆಬ್ಬೆರಳು ಬಂತು. ಆಮೇಲೆ ಮಾವನ ಚಪ್ಪಲಿ. ಆಮೇಲೆ ಬಹಳ ಹೊತ್ತು ಒಂದು ಎಮ್ಮೆ.

"ಎಮ್ಮೆ ಬದುಕಿತಾ?" ಎಂದು ಅಟ್ಟದಿಂದ ಒಬ್ಬರು ಕೇಳಿದರು. "ಶ್ಶ್!" ಎಂದರು ಉಳಿದವರು.

ಕೊನೆಗೆ ಸೇತುವೆ ಬಂತು, ಹೊಸ ಬಣ್ಣ ಬಳಿದುಕೊಂಡು, ಮೈತುಂಬ ಜನ ಹೊತ್ತುಕೊಂಡು. ಕೆಳಗೆ ಕೂತವರು ಒಬ್ಬೊಬ್ಬರಾಗಿ ಉಸಿರೆಳೆದರು. "ನಮ್ಮ ಚಿಕ್ಕಪ್ಪ," ಎಂದ ಕ್ಷೌರಿಕ, ಯಾರಿಗೂ ಅಲ್ಲದೆ. ಚಿಕ್ಕಪ್ಪ ಕ್ಯಾಮೆರಾದತ್ತ ಕೈಬೀಸುತ್ತಿದ್ದ.

ಆಗ ಮಾವನ ದನಿ ಕೇಳಿಸಿತು. ಎಳೆಯ ದನಿ, ಉತ್ಸಾಹದ ದನಿ. "ಏಯ್, ಹಿಂದಿರೋರು ಕಾಣ್ತಿಲ್ಲ! ಎಲ್ರೂ ಈ ಕಡೆ ಬನ್ನಿ! ಈ ಕಡೆ, ಕಂಬಿ ಹತ್ರ! ಇನ್ನೂ ಬನ್ನಿ, ಇನ್ನೂ! ಹಾಂ, ಈಗ ನಗಿ!"

ಸೇತುವೆಯ ಮೇಲಿನ ಊರೆಲ್ಲ ಒಂದೇ ಮಗ್ಗುಲಿಗೆ ಬಂದು, ಹಲ್ಲು ಬಿಟ್ಟು ನಕ್ಕಿತು. ಚಿತ್ರ ನಿಧಾನವಾಗಿ ಓರೆಯಾಯಿತು. ಮಾವ ಕ್ಯಾಮೆರಾ ವಾಲಿಸಿದರೆಂದೇ ಅಳಿಯ ಅಂದುಕೊಂಡ. ಆದರೆ ಹಿಂದಿನ ಗುಡ್ಡ ನೆಟ್ಟಗೇ ಇತ್ತು. ಮರುಕ್ಷಣ ತೆರೆಯ ಮೇಲೆ ಬರೀ ನೀರು, ಮತ್ತು "ಅಯ್ಯೋ, ಅಯ್ಯೋ, ನಾನೇನು ಮಾಡ್ದೆ" ಎಂಬ ದನಿ.

ಹೆಂಡತಿ ಮುಖ ಮುಚ್ಚಿಕೊಂಡಿದ್ದಳು. ಅಳಿಯನನ್ನು ನೋಡುತ್ತಿದ್ದ ಕಣ್ಣುಗಳಲ್ಲಿ ಕ್ಷೌರಿಕನ ಕಣ್ಣುಗಳೂ ಇದ್ದವು.

ಇಂಜಿನಿಯರ್ ತಾತ ಎದ್ದು ನಿಂತರು. ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು. "ನನ್ನ ತೊಲೆ ಸರಿ ಇತ್ತು," ಎಂದರು. "ಬಡ್ಕೊಂಡೆ, ಯಾರೂ ಕೇಳ್ಲಿಲ್ಲ. ನನ್ನ ತೊಲೆ ಸರಿ ಇತ್ತು!"

ಕೆಳಗಿದ್ದವರೆಲ್ಲ ತಾತನ ಕೈಹಿಡಿಯಲು ಮುಗಿಬಿದ್ದರು. ಅಟ್ಟದಲ್ಲಿ ಹಿಂದೆ ನಿಂತವರಿಗೆ ಮಾತ್ರ ಮುಂದಿನವರ ತಲೆಗಳಲ್ಲದೆ ಏನೂ ಕಂಡಿರಲಿಲ್ಲ. "ಏನಾಯ್ತು? ನಮಗೆ ಕಾಣ್ಲಿಲ್ಲ! ಇನ್ನೊಂದ್ಸಲ ಹಾಕಿ!" ಎಂದು ಅಟ್ಟ ಅರಚಿತು.

ತಲೆ ಕೆಟ್ಟುಹೋಗಿದ್ದ ಅಳಿಯ ಕ್ಯಾಸೆಟ್ ಹಿಂದಕ್ಕೆ ತಿರುಗಿಸುತ್ತ ಕೂಗಿದ: "ಹಿಂದಿರೋರಿಗೆ ಎಲ್ಲಿ ಕಾಣುತ್ತೆ? ಮುಂದೆ ಬನ್ನಿ, ಕಂಬಿ ಹತ್ರ ಬನ್ನಿ!"

"ಧಾರಾಳವಾಗಿ ಬನ್ನಿ," ಎಂದು ತಾತನೂ ಕೈಬೀಸಿ ಕರೆದರು, ಖುಷಿಯಲ್ಲಿ. "ಹೆದರ್ಬೇಡಿ, ಈ ಅಟ್ಟ ಕಟ್ಟಿದ್ದೂ ನಾನೇ! ಊರೆಲ್ಲ ಬಾಗಿಲು ಹಾಕ್ಕೊಂಡಾಗ ಇವರ ಮಾವನೊಬ್ಬನೇ ಕರೆದು ಕೆಲಸ ಕೊಟ್ಟ, ಪುಣ್ಯಾತ್ಮ!"

ಮಾವ ಯಾಕೆ ಕೊಟ್ಟರೆಂದು ಅಳಿಯನಿಗೆ ಆಗ ಹೊಳೆಯಿತು. ಅಟ್ಟದಿಂದ ಹಪ್ಪಳ ಮುರಿದಂಥ ಸದ್ದು ಬಂದದ್ದೂ ಆಗಲೇ.

ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಅಟ್ಟದಿಂದ ಉರುಳಿದವರು ಫೋಟೊ ತೆಗೆಯುವಾಗ ಹಿಂದೆ ಕಟ್ಟಲು ಕೆಳಗೆ ಇಟ್ಟಿದ್ದ ಅರಮನೆ, ಚಂದಿರ, ಹೂದೋಟಗಳ ಬಣ್ಣದ ಪರದೆಗಳ ಮೇಲೆ ಬಿದ್ದರು. ಟಿವಿ, ಪೆಟ್ಟಿಗೆ, ಕ್ಯಾಸೆಟ್ ಮೂರೂ ಪುಡಿಯಾದವು. ಅಳಿಯನ ಕಾಲು ಮುರಿಯಿತು, ತಾತನ ಕೈ ಮುರಿಯಿತು.

ಸಂಜೆ ಆಸ್ಪತ್ರೆಯ ಮೊಗಸಾಲೆಯಲ್ಲಿ ವರದಿಗಾರ್ತಿ ಕೇಳಿದಳು: "ಅಟ್ಟ ಬೀಳೋದನ್ನ ಯಾರಾದ್ರೂ ತೆಗೆದಿದ್ದೀರಾ?"

ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು. ಎಲ್ಲರೂ ತೆಗೆದದ್ದು ಟಿವಿಯನ್ನು, ಅದೂ ಸೇತುವೆ ಬೀಳುವವರೆಗೆ ಮಾತ್ರ. ಆದರೆ ಕ್ಷೌರಿಕನ ಮೊಬೈಲಿನಲ್ಲಿ ದನಿ ಉಳಿದಿತ್ತು, ಅದೂ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ: "ಮುಂದೆ ಬನ್ನಿ, ಕಂಬಿ ಹತ್ರ ಬನ್ನಿ!" ಅಷ್ಟಕ್ಕೇ ಅವನ ಬ್ಯಾಟರಿ ಮುಗಿದಿತ್ತು, ತಾತನ ಮಾತು ಅದರಲ್ಲಿ ಬಂದಿರಲಿಲ್ಲ.

ಮೊಗಸಾಲೆಯ ಅಷ್ಟೂ ಬ್ಯಾಂಡೇಜುಗಳು ಅಳಿಯನತ್ತ ತಿರುಗಿದವು. ಅವನು ಬಾಯಿ ತೆರೆಯುವಷ್ಟರಲ್ಲಿ ಇಂಜಿನಿಯರ್ ತಾತ ಒಳ್ಳೆಯ ಕೈಯಿಂದ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಬರ್ಕೊಳ್ಳಮ್ಮಾ," ಎಂದರು. "ನನ್ನ ಸೇತುವೇನೂ ಗಟ್ಟಿ ಇತ್ತು, ನನ್ನ ಅಟ್ಟಾನೂ ಗಟ್ಟಿ ಇತ್ತು. ಆ ಮನೆಯೋರ ಬಾಯೇ ಸರಿ ಇಲ್ಲ."